ಮಜ್ಜಿಗೆಯ ತಂಪು ಫ್ರಿಜ್ಜಿನದಲ್ಲ

ಒಂದು ರಾಮನವಮಿಗೆ ಹಿಂದಿನ ರಾತ್ರಿಯೇ ನೀರುಮಜ್ಜಿಗೆ ಮಾಡಿ ಫ್ರಿಜ್ಜಿನಲ್ಲಿಟ್ಟಿದ್ದೆ. ಮರುದಿನ ನೈವೇದ್ಯ ಮುಗಿದ ಮೇಲೆ ಬಾಯಿಗೆ ಹಾಕಿಕೊಂಡರೆ ಸಪ್ಪೆ! ಇನ್ನೆರಡು ಹಸಿಮೆಣಸು ಕುಟ್ಟಿ ಹಾಕಿದೆ. ಮಧ್ಯಾಹ್ನ, ಪಾತ್ರೆಯಲ್ಲಿ ಬೆಚ್ಚಗಾಗಿದ್ದ ಅದೇ ಮಜ್ಜಿಗೆ ಕುಡಿದ ನೆಂಟರು ಕೆಮ್ಮುತ್ತ ಪಾನಕದ ಕಡೆ ತಿರುಗಿದರು.

ತಪ್ಪು ಮೆಣಸಿನದಲ್ಲ, ತಣ್ಣಗಾಗಿದ್ದ ನನ್ನ ನಾಲಿಗೆಯದು. ಖಾರ ಎಂಬುದು ರುಚಿಯೇ ಅಲ್ಲ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯನ್ನು ಮಿದುಳಿಗೆ ತಿಳಿಸಲು ನಮ್ಮ ನರತುದಿಗಳಲ್ಲಿ ಒಂದು ಪ್ರೋಟೀನ್ ಇದೆ. ಮೆಣಸಿನ ಕ್ಯಾಪ್ಸೈಸಿನ್ ಅದನ್ನೇ ಕೆರಳಿಸುತ್ತದೆ. ಬಾಯಿ ಸುಟ್ಟಂತಾಗುವುದು ಅದಕ್ಕೇ. 1997ರಲ್ಲಿ ಆ ಪ್ರೋಟೀನನ್ನು ಗುರುತಿಸಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು. ತಂಪು ತಾಗಿದರೆ ಆ ಪ್ರೋಟೀನ್ ಸುಮ್ಮನಾಗುತ್ತದೆ. ಇಂಗು, ಕರಿಬೇವಿನ ಘಮವೂ ಚಳಿಯಲ್ಲಿ ಮೇಲೇಳುವುದಿಲ್ಲ. ಹಾಗಾಗಿ ಉಪ್ಪು ಖಾರ ನೋಡುವುದಿದ್ದರೆ ಫ್ರಿಜ್ಜಿಗೆ ಇಡುವ ಮೊದಲೇ ನೋಡಬೇಕು.

ಅಷ್ಟಕ್ಕೂ ಆ ಫ್ರಿಜ್ಜಿನ ತಂಪಿನಿಂದ ಮೈಗೆ ಸಿಗುವುದೆಷ್ಟು? 5 ಡಿಗ್ರಿಯ 200 ಮಿಲಿಲೀಟರ್ ಮಜ್ಜಿಗೆ ಹೊಟ್ಟೆಗಿಳಿದು 37 ಡಿಗ್ರಿಗೆ ಬರಲು ಹೀರುವ ಶಾಖ ಸುಮಾರು 6,400 ಕ್ಯಾಲರಿ. ಚರ್ಮದ ಮೇಲೆ ಒಂದು ಗ್ರಾಂ ಬೆವರು ಆರಲು ಬೇಕಾದದ್ದು ಸುಮಾರು 580 ಕ್ಯಾಲರಿ. ಅಂದರೆ ಎರಡು ಚಮಚ ಬೆವರು ಆರಿದರೆ ಅಷ್ಟೇ ತಂಪು! ಅದೇ ಲೋಟದ ನೀರೆಲ್ಲ ಬೆವರಾಗಿ ಆರಿತೆಂದರೆ ಹದಿನೆಂಟು ಪಟ್ಟು. ಮಜ್ಜಿಗೆ ತಂಪು ಮಾಡುವುದು ಹೀಗೆ, ಬೆವರಿಗೆ ನೀರು ಕೊಟ್ಟು. ಮೆಣಸು ಬಿಸಿಯ ಸುಳ್ಳು ಸುದ್ದಿ ಮುಟ್ಟಿಸಿ ಹಣೆಯಲ್ಲಿ ಬೆವರು ತರಿಸುತ್ತದೆ. ಉಪ್ಪು, ಬೆವರಿನ ಜೊತೆ ಹೋದ ಸೋಡಿಯಂ ತುಂಬಿ, ಕುಡಿದ ನೀರು ಬೇಗ ಮೂತ್ರವಾಗಿ ಹೋಗದಂತೆ ನೋಡಿಕೊಳ್ಳುತ್ತದೆ. ರಕ್ತದೊತ್ತಡ ಇರುವವರು ಮಾತ್ರ ಕೈ ಹಿಡಿದು ಹಾಕಿಕೊಳ್ಳಲಿ.

ಮಾಡುವ ಕೆಲಸ ದೊಡ್ಡದೇನಲ್ಲ. ಹುಳಿಯಾದ ಮೊಸರನ್ನು ಸ್ವಲ್ಪವೇ ನೀರು ಹಾಕಿ ಕಡೆಗೋಲಿನಲ್ಲಿ ಕಡೆದು, ಬೆಣ್ಣೆ ತೆಗೆದು, ಆಮೇಲೆ ಮೂರು ಪಟ್ಟು ನೀರು ಬೆರೆಸುವುದು. ಹಸಿಮೆಣಸು, ಶುಂಠಿ, ಕರಿಬೇವನ್ನು ಕಲ್ಲುಪ್ಪಿನ ಜೊತೆಗೇ ಕುಟ್ಟಬೇಕು. ಹರಳಿನ ಚೂಪು ಅಂಚು ಎಲೆಯ ಕೋಶಗಳನ್ನು ಸೀಳಿ ರಸ ಬಿಡಿಸುತ್ತದೆ. ಮಿಕ್ಸಿಯಲ್ಲಿ ನುಣ್ಣಗಾದರೆ ನನಗೆ ಚಟ್ನಿ ಕುಡಿದ ಹಾಗೆ ಅನಿಸುತ್ತದೆ. ಇಂಗಿನ ಘಮ ನೀರಿಗಿಂತ ಎಣ್ಣೆಗೆ ಚೆನ್ನಾಗಿ ಬಿಟ್ಟುಕೊಳ್ಳುವುದರಿಂದ ಅದನ್ನು ಒಗ್ಗರಣೆಯಲ್ಲೇ ಹಾಕುವುದು. ನಿಂತ ಲೋಟದಲ್ಲಿ ಮೇಲೆ ತಿಳಿನೀರು, ಕೆಳಗೆ ಬಿಳಿ ಗಸಿ ಕಂಡರೆ ಕೆಟ್ಟಿತೆಂದು ಚೆಲ್ಲಬೇಡಿ. ಹುಳಿ ಹೆಚ್ಚಿ ಪಿಎಚ್ 4.6ರ ಹತ್ತಿರ ಬಂದಾಗ ಹಾಲಿನ ಕೇಸೀನ್ ಕಣಗಳು ಒಂದನ್ನೊಂದು ದೂರ ತಳ್ಳುತ್ತಿದ್ದ ವಿದ್ಯುದಂಶ ಕಳೆದುಕೊಂಡು ಗುಂಪುಗೂಡುತ್ತವೆ, ತಳಕ್ಕಿಳಿಯುತ್ತವೆ. ಒಮ್ಮೆ ಕದಡಿದರೆ ಆಯಿತು.

ಫ್ರಿಜ್ಜಿಲ್ಲದ ಮನೆಗಳಲ್ಲಿ ಮಜ್ಜಿಗೆಯ ಮಣ್ಣಿನ ಗಡಿಗೆ ಮಾಡುತ್ತಿದ್ದದ್ದೂ ನಮ್ಮ ಚರ್ಮದ ಕೆಲಸವೇ. ಸಣ್ಣ ರಂಧ್ರಗಳಲ್ಲಿ ಜಿನುಗಿದ ನೀರು ಹೊರಮೈಯಲ್ಲಿ ಆರುತ್ತ ಒಳಗಿನ ಶಾಖವನ್ನು ಒಯ್ಯುತ್ತದೆ. ಕಲಬುರಗಿಯ ಒಣ ಬೇಸಗೆಯಲ್ಲಿ ಈ ಗಡಿಗೆಗೆ ಸಾಟಿಯಿಲ್ಲ. ಮಂಗಳೂರಿನಲ್ಲಿ ಗಾಳಿಯೇ ಒದ್ದೆ. ಅಲ್ಲಿ ಗಡಿಗೆಯ ಬೆವರೂ ಬೇಗ ಆರುವುದಿಲ್ಲ, ಮನುಷ್ಯನದೂ ಬೇಗ ಆರುವುದಿಲ್ಲ, ತೊಟ್ಟಿಕ್ಕಿ ಹೋಗುತ್ತದೆ. ತೊಟ್ಟಿಕ್ಕಿದ ಬೆವರಿನಿಂದ ತಂಪಿಲ್ಲ. ಆ ಊರಿನಲ್ಲಿ ಮಜ್ಜಿಗೆ ಲೋಟ ಹಿಡಿದವರು ಬೆವರು ಆರಲೆಂದು ಫ್ಯಾನಿನ ಕೆಳಗೇ ಕೂರಬೇಕು.