ತೋಟದ ಆಳುಗಳ ಗಳಿಕೆಯೂ ಮುಪ್ಪಿನ ಭದ್ರತೆಯೂ

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಹಿಡುವಳಿದಾರರು ಇಲಾಖೆಯ ನೌಕರರನ್ನು ಕಂಡಾಗಲೆಲ್ಲ ಹೇಳುವ ಮೊದಲ ಮಾತು ಆಳುಗಳ ಅಭಾವವನ್ನು ಕುರಿತದ್ದಾಗಿರುತ್ತದೆ. ಮದ್ದು ಬಿಡುವ ಕಾಲಕ್ಕೆ ಅಡಿಕೆ ಮರವೇರುವವರು ದೊರೆಯುವುದಿಲ್ಲ. ಕೊಯ್ಲಿಗೆ ಹತ್ತು ಮನೆಗೆ ಹೋಗಿ ಕರೆಯಬೇಕಾಗುವುದು. ಮರವೇರುವವನ ಮಗನು ಮರವೇರಲು ಒಪ್ಪುವುದಿಲ್ಲ. ಇದೆಲ್ಲವೂ ಸತ್ಯವೇ. ಆದರೆ ಅವನು ಏಕೆ ಒಪ್ಪುವುದಿಲ್ಲವೆಂಬುದನ್ನು ವಿಚಾರಿಸಿದವರು ವಿರಳ.

ಕೆಲವು ವರ್ಷಗಳ ಹಿಂದೆ ಕುಮಾರಧಾರೆಯ ಬದಿಯ ಒಂದು ತೋಟಕ್ಕೆ ಕೊಳೆರೋಗದ ಪರೀಕ್ಷೆಗಾಗಿ ಹೋಗಿದ್ದಾಗ, ಅಂಗಳದ ಮೂಲೆಯಲ್ಲಿ ಅಡಿಕೆ ಸುಲಿಯುತ್ತಿದ್ದ ಒಬ್ಬ ವೃದ್ಧನನ್ನು ಕಂಡೆನು. ಮೂವತ್ತು ವರ್ಷ ಅದೇ ತೋಟದಲ್ಲಿ ಮರವೇರಿದವನು. ಮೊಣಕಾಲು ಸೋತ ಮೇಲೆ ಸುಲಿಯುವ ಕೆಲಸಕ್ಕೆ ಕುಳಿತವನು. ಯಜಮಾನರು ದಯಾಳುಗಳು. “ಕೇಳಿದಾಗಲೆಲ್ಲ ಕೊಟ್ಟಿದ್ದೇನೆ, ಇಲ್ಲವೆಂದದ್ದಿಲ್ಲ” ಎಂದರು. ವೃದ್ಧನೂ ಅದನ್ನು ಅಲ್ಲಗಳೆಯಲಿಲ್ಲ. ಆದರೆ ಕೊಟ್ಟದ್ದೆಷ್ಟು, ಕೂಲಿಯಲ್ಲಿ ವಜಾ ಆದದ್ದೆಷ್ಟು, ಉಳಿದದ್ದೆಷ್ಟು ಎಂಬುದು ಇಬ್ಬರಿಗೂ ತಿಳಿದಿರಲಿಲ್ಲ. ಮೂವತ್ತು ವರ್ಷಗಳ ದುಡಿಮೆಗೆ ಒಂದು ಹಾಳೆಯ ಲೆಕ್ಕವೂ ಇರಲಿಲ್ಲ. ಮುಪ್ಪಿಗೆ ಒಂದು ಕಾಸಿನ ಆಧಾರವೂ ಇರಲಿಲ್ಲ. ಇದನ್ನು ಕಂಡು ಬೆಳೆದ ಮಗನು ಪೇಟೆಯ ದಾರಿ ಹಿಡಿದುದರಲ್ಲಿ ಆಶ್ಚರ್ಯವೇನು?

ಆಳುಗಳಿಗೆ ಹಣದ ವಿಚಾರವನ್ನು ತಿಳಿಯಪಡಿಸುವುದೂ, ಅವರ ಜೀವಮಾನದ ಗಳಿಕೆಗೆ ಒಂದು ಕ್ರಮವನ್ನು ಏರ್ಪಡಿಸಲು ನೆರವಾಗುವುದೂ ಧರ್ಮದ ಕೆಲಸವಾಗಿರುವಂತೆಯೇ ತೋಟದ ಹಿತದ ಕೆಲಸವೂ ಆಗಿದೆ. ಅದರ ವಿವರವನ್ನು ಮುಂದೆ ಕೊಡಲಾಗಿದೆ.

ಯಾರಿಗೆ ಆಧಾರವುಂಟು, ಯಾರಿಗಿಲ್ಲ

ನಮ್ಮ ಸೀಮೆಯಲ್ಲಿ ಕೆಲಸಗಾರರು ಎರಡು ಬಗೆಯವರು. 1964ರ ಭಾರತ–ಸಿಲೋನ್ ಒಪ್ಪಂದದ ಮೇರೆಗೆ ಸ್ವದೇಶಕ್ಕೆ ಮರಳಿದ ತಮಿಳು ಕುಟುಂಬಗಳಲ್ಲಿ ಅನೇಕವು ಸುಳ್ಯ, ಪುತ್ತೂರು ಭಾಗದ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಲ್ಲಿ ನೆಲೆಸಿದವು. ಇಂಥ ದೊಡ್ಡ ತೋಟಗಳ ಕಾಯಂ ಕೆಲಸಗಾರರಿಗೆ ಭವಿಷ್ಯನಿಧಿಯೂ, ನಿವೃತ್ತಿಯ ಕಾಲಕ್ಕೆ ಗ್ರಾಚ್ಯುಟಿಯೂ ಕಾನೂನಿನಿಂದ ಪ್ರಾಪ್ತವಾಗುವುವು. ಇವರು ಕಲಿಯಬೇಕಾದುದು, ಒಮ್ಮೆಗೇ ಕೈಗೆ ಬಂದ ಹಣವನ್ನು ಒಮ್ಮೆಗೇ ವೆಚ್ಚಮಾಡದೆ ಉಳಿದ ಆಯುಷ್ಯಕ್ಕೆ ಹಂಚಿಕೊಳ್ಳುವ ಕ್ರಮವನ್ನು.

ಮೂರು ಎಕರೆ, ಐದು ಎಕರೆಯ ಅಡಿಕೆ ತೋಟಗಳಲ್ಲಿ ದಿನಗೂಲಿಗೆ ದುಡಿಯುವವರ ಸ್ಥಿತಿ ಬೇರೆ. ಅವರಿಗೆ ಭವಿಷ್ಯನಿಧಿಯಿಲ್ಲ, ಗ್ರಾಚ್ಯುಟಿಯಿಲ್ಲ, ನಿವೃತ್ತಿಯೆಂಬುದೂ ಇಲ್ಲ. ಶಕ್ತಿ ಕುಂದಿದ ದಿನವೇ ನಿವೃತ್ತಿ. ಈ ಲೇಖನವು ಮುಖ್ಯವಾಗಿ ಇವರನ್ನು ಕುರಿತದ್ದು.

ಗಳಿಕೆಯ ಋತುಮಾನ

ತೋಟದ ಕೂಲಿಯು ವರ್ಷವಿಡೀ ಸಮನಾಗಿ ಬರುವುದಿಲ್ಲ. ಮುಂಗಾರಿನ ಆರಂಭಕ್ಕೆ ಒಮ್ಮೆ, ಅನಂತರ 40–45 ದಿನಗಳಲ್ಲಿ ಇನ್ನೊಮ್ಮೆ ಮೈಲುತುತ್ತಿನ ಬೋರ್ಡೋ ದ್ರಾವಣವನ್ನು ಸಿಂಪಡಿಸುವಾಗ ಮರವೇರುವವರಿಗೆ ಉತ್ತಮ ಸಂಪಾದನೆಯುಂಟು. ಕೊಯ್ಲು, ಒಣಗಿಸುವಿಕೆ, ಸುಲಿಯುವಿಕೆಗಳ ತಿಂಗಳುಗಳಲ್ಲಿ ಗಂಡಸರಿಗೂ ಹೆಂಗಸರಿಗೂ ಕೆಲಸ ತಪ್ಪುವುದಿಲ್ಲ. ಆದರೆ ಆಟಿಯ ಜಡಿಮಳೆಯಲ್ಲಿ ಮರವೇರುವಂತಿಲ್ಲ, ಹೊರಗೆಲಸವೂ ಕಡಿಮೆ. ಜ್ವರ ಮೊದಲಾದ ಕಾಯಿಲೆಗಳೂ, ಶಾಲೆಯ ಖರ್ಚೂ ಅದೇ ಹೊತ್ತಿಗೆ ಬರುವುವು. ಸಾಲದ ಮೂಲವು ಬಹುಪಾಲು ಇಲ್ಲಿದೆ.

ಹಿಡುವಳಿದಾರರು ಈ ತೊಂದರೆಯನ್ನು ತಮ್ಮ ಮಟ್ಟಿಗೆ ಬಹುಕಾಲದಿಂದ ಪರಿಹರಿಸಿಕೊಂಡಿದ್ದಾರೆ. ಚಾಲಿ ಅಡಿಕೆಯನ್ನೆಲ್ಲ ಒಂದೇ ಸಲಕ್ಕೆ ಮಾರದೆ, ಒಂದಷ್ಟನ್ನು ಹಳೆ ಅಡಿಕೆಯಾಗುವಂತೆ ಕೂಡಿಟ್ಟು ಮಗಳ ಮದುವೆಗೋ ಮನೆಯ ರಿಪೇರಿಗೋ ತೆಗೆಯುವುದು ಇಲ್ಲಿಯ ವಾಡಿಕೆ. ಆಳಿಗೆ ಕೂಡಿಡಲು ಅಡಿಕೆಯಿಲ್ಲ; ಅವನ ಬೆಳೆಯು ಕೂಲಿಯ ನೋಟೇ. ಅದನ್ನು ಕೂಡಿಡುವ ಅಭ್ಯಾಸವನ್ನು ಅವನಿಗೆ ತಿಳಿಸಿಕೊಡಬೇಕು. ಸುಳ್ಯದ ಸಂಪಾಜೆ, ಅರಂತೋಡು ಕಡೆಗಳಲ್ಲಿ ಹಳದಿ ಎಲೆ ರೋಗದಿಂದ ತೋಟಗಳು ಬರಿದಾದಾಗ ಯಜಮಾನನ ಫಸಲಿನೊಡನೆ ಆಳಿನ ಕೂಲಿಯೂ ಹೋಯಿತೆಂಬುದನ್ನು ಇಲ್ಲಿ ನೆನೆಯಬೇಕು.

ಕುಟುಂಬಕ್ಕೆ ಕನಿಷ್ಠ ಮೂರು ತಿಂಗಳ ಊಟ, ಔಷಧಗಳಿಗೆ ಸಾಲುವಷ್ಟು ಆಪದ್ಧನವನ್ನು ಮೊದಲು ಕೂಡಿಸಬೇಕು. ಅಂಚೆಕಚೇರಿಯ ಆವರ್ತ ಠೇವಣಿಯಲ್ಲಿ ತಿಂಗಳಿಗೆ 100 ರೂಪಾಯಿಯಿಂದ ಕಟ್ಟಬಹುದು. ಅವಧಿ 5 ವರ್ಷ. ಆಪದ್ಧನವನ್ನು ಮಾತ್ರ ಬೇಕಾದಾಗ ತೆಗೆಯಬಹುದಾದ ಉಳಿತಾಯ ಖಾತೆಯಲ್ಲಿಯೇ ಇರಿಸುವುದು ಯುಕ್ತ.

ಬಡ್ಡಿಯ ಲೆಕ್ಕ

ಖಾಸಗಿ ಸಾಲಗಳಲ್ಲಿ ನೂರಕ್ಕೆ ತಿಂಗಳಿಗೆ 3 ರೂಪಾಯಿಯ ಬಡ್ಡಿಯೆಂದರೆ ಕೇಳುವುದಕ್ಕೆ ಸಣ್ಣದಾಗಿ ಕಾಣುವುದು. ವರ್ಷಕ್ಕೆ ಅದು ನೂರಕ್ಕೆ 36 ರೂಪಾಯಿ. 20,000 ರೂಪಾಯಿ ಸಾಲಕ್ಕೆ ತಿಂಗಳಿಗೆ 600 ರೂಪಾಯಿ ಬಡ್ಡಿಯಾಗುವುದು. ವರ್ಷಕ್ಕೆ 7,200 ರೂಪಾಯಿ ಕೊಟ್ಟ ಮೇಲೂ ಅಸಲು ಹಾಗೆಯೇ ಉಳಿಯುವುದು.

ಈ 600 ರೂಪಾಯಿಯ ಬೆಲೆಯನ್ನು ಹೀಗೆ ತಿಳಿಯಬಹುದು. 30 ವರ್ಷ ವಯಸ್ಸಿನವನೊಬ್ಬನು ಅಟಲ್ ಪಿಂಚಣಿ ಯೋಜನೆಗೆ ಸೇರಿ ತಿಂಗಳಿಗೆ 577 ರೂಪಾಯಿ ಕಟ್ಟುತ್ತಾ ಬಂದರೆ, 60ನೆಯ ವಯಸ್ಸಿನಿಂದ ಜೀವಮಾನವಿಡೀ ತಿಂಗಳಿಗೆ 5,000 ರೂಪಾಯಿ ದೊರೆಯುವುದು. ಅಂದರೆ ಒಂದು ಸಣ್ಣ ಸಾಲದ ಬಡ್ಡಿಯು ಒಬ್ಬ ಮನುಷ್ಯನ ಮುಪ್ಪಿನ ಪಿಂಚಣಿಯನ್ನು ನುಂಗಿಬಿಡುತ್ತದೆ. ಆದುದರಿಂದ ಹೆಚ್ಚಿನ ಬಡ್ಡಿಯ ಸಾಲವಿರುವವನು ಆಪತ್ತಿಗೆಂದು ಸ್ವಲ್ಪ ಕೈಗಾವಲನ್ನಿಟ್ಟುಕೊಂಡು, ಮಿಕ್ಕ ಉಳಿತಾಯಕ್ಕಿಂತ ಮೊದಲು ಆ ಸಾಲವನ್ನೇ ತೀರಿಸತಕ್ಕದ್ದು.

ಇಂಥ ಬಡ್ಡಿಯಿಂದ ರೈತರನ್ನು ಬಿಡಿಸುವುದಕ್ಕಾಗಿಯೇ ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಹಕಾರ ಸಂಘವನ್ನು ಸ್ಥಾಪಿಸಿದರು. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕೂ 1914ರಲ್ಲಿ ಪುತ್ತೂರಿನಲ್ಲಿಯೇ ಹುಟ್ಟಿತು. ಅಡಿಕೆಯ ಧಾರಣೆ ಕುಸಿದ ಕಾಲದಲ್ಲಿ, 1973ರಲ್ಲಿ, ಬೆಳೆಗಾರರು ಕ್ಯಾಂಪ್ಕೋ ಸಂಸ್ಥೆಯನ್ನು ಕಟ್ಟಿಕೊಂಡರು. ಹೀಗೆ ಭೂಮಿಯುಳ್ಳವರಿಗೆ ಎರಡು ಆಧಾರಗಳು ಒದಗಿದುವು. ಭೂಮಿಯಿಲ್ಲದವನನ್ನೂ ಸಂಘದ ಬಾಗಿಲಿಗೆ ಕರೆತರುವ ಕೆಲಸವು ಮುಖಂಡರಿಗೆ ಸೇರಿದ್ದು.

ಅಪಘಾತಕ್ಕೂ ಮರಣಕ್ಕೂ ವಿಮೆ

ಮರದಿಂದ ಬಿದ್ದವನ ಮನೆಯು ಒಂದೇ ದಿನದಲ್ಲಿ ನಿರ್ಗತಿಕವಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವರ್ಷದವರು ವರ್ಷಕ್ಕೆ 20 ರೂಪಾಯಿ ಕಟ್ಟಿದರೆ, ಅಪಘಾತದ ಮರಣಕ್ಕೂ ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೂ 2 ಲಕ್ಷ ರೂಪಾಯಿ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 1 ಲಕ್ಷ ರೂಪಾಯಿ ದೊರೆಯುವುದು. ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆಗೆ 18ರಿಂದ 50 ವರ್ಷದೊಳಗೆ ಸೇರಬೇಕು. ವಾರ್ಷಿಕ ಕಂತು 436 ರೂಪಾಯಿ. 55 ವರ್ಷದವರೆಗೆ ಯಾವ ಕಾರಣದಿಂದ ಮರಣ ಸಂಭವಿಸಿದರೂ 2 ಲಕ್ಷ ರೂಪಾಯಿ. ಹೊಸದಾಗಿ ಸೇರಿದವರಿಗೆ ಮೊದಲ 30 ದಿನಗಳಲ್ಲಿ ಅಪಘಾತವಲ್ಲದ ಮರಣಕ್ಕೆ ಈ ಹಣ ಸಲ್ಲುವುದಿಲ್ಲ.

ಎರಡೂ ಸೇರಿ ವರ್ಷಕ್ಕೆ 456 ರೂಪಾಯಿ. ಮರವೇರುವ ಆಳಿನ ಒಂದು ದಿನದ ಕೂಲಿಯಷ್ಟೂ ಅಲ್ಲ. ಐದು ಆಳುಗಳುಳ್ಳ ತೋಟದವರು 2,280 ರೂಪಾಯಿಯನ್ನು ತಾವೇ ವಹಿಸಿಕೊಂಡರೆ ದೊಡ್ಡ ಹೊರೆಯಾಗದು. ಕಂತು ಆಳಿನ ಸ್ವಂತ ಬ್ಯಾಂಕು ಖಾತೆಯಿಂದಲೇ ಕಡಿತವಾಗುವುದು. ವಿಮೆಯ ವರ್ಷವು ಜೂನ್ 1ಕ್ಕೆ ಆರಂಭವಾಗುವುದರಿಂದ, ಮೇ ತಿಂಗಳಲ್ಲಿಯೇ ಖಾತೆಯಲ್ಲಿ ಅಷ್ಟು ಹಣವಿರುವಂತೆ ನೋಡಬೇಕು. ಮೈಲುತುತ್ತು ತರುವ ದಿನವೇ ಇದನ್ನೂ ವಿಚಾರಿಸಿದರೆ ಮರೆವಿಗೆ ಎಡೆಯಿರದು.

ಈ ವಿಮೆಗಳಿಂದ ಚಿಕಿತ್ಸೆಯ ಖರ್ಚು ಸಿಕ್ಕುವುದಿಲ್ಲ. ಅದಕ್ಕೆ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಅವಕಾಶವುಂಟು. ಅಪಘಾತವಾದಾಗ ಆಸ್ಪತ್ರೆಯ ದಾಖಲೆ ಮತ್ತು ಪೊಲೀಸ್ ವರದಿಗಳನ್ನು ತಡಮಾಡದೆ ಪಡೆದಿಡಬೇಕು.

ಮುಪ್ಪಿನ ಪಿಂಚಣಿ

ಅಟಲ್ ಪಿಂಚಣಿ ಯೋಜನೆಯು 2015ರಲ್ಲಿ ಆರಂಭವಾಯಿತು. 18ರಿಂದ 40 ವರ್ಷದೊಳಗಿನವರೂ ಆದಾಯ ತೆರಿಗೆ ಕೊಡದವರೂ ಸೇರಬಹುದು. ತಿಂಗಳಿಗೆ 5,000 ರೂಪಾಯಿ ಪಿಂಚಣಿಗಾಗಿ 60 ವರ್ಷದವರೆಗೆ ಕಟ್ಟಬೇಕಾದ ಮಾಸಿಕ ಕಂತು ಹೀಗಿದೆ:

18ನೆಯ ವಯಸ್ಸಿನಲ್ಲಿ ಸೇರಿದರೆ — 210 ರೂಪಾಯಿ
25ನೆಯ ವಯಸ್ಸಿನಲ್ಲಿ — 376 ರೂಪಾಯಿ
30ನೆಯ ವಯಸ್ಸಿನಲ್ಲಿ — 577 ರೂಪಾಯಿ
35ನೆಯ ವಯಸ್ಸಿನಲ್ಲಿ — 902 ರೂಪಾಯಿ
40ನೆಯ ವಯಸ್ಸಿನಲ್ಲಿ — 1,454 ರೂಪಾಯಿ

ಅಷ್ಟು ಶಕ್ತಿಯಿಲ್ಲದವರು 1,000 ರೂಪಾಯಿಯ ಪಿಂಚಣಿಯನ್ನೂ ಆರಿಸಬಹುದು. 30ನೆಯ ವಯಸ್ಸಿನಲ್ಲಿ ಅದರ ಕಂತು 116 ರೂಪಾಯಿ. ಪಿಂಚಣಿದಾರನು ತೀರಿಕೊಂಡರೆ ಅದೇ ಮೊತ್ತವು ಹೆಂಡತಿಗೆ ಅಥವಾ ಗಂಡನಿಗೆ ಸಲ್ಲುವುದು. ಇಬ್ಬರ ತರುವಾಯ ಕೂಡಿದ ನಿಧಿಯು ನಾಮನಿರ್ದೇಶಿತ ವಾರಸುದಾರರಿಗೆ ಸೇರುವುದು.

ಅಡಿಕೆಯ ಸಸಿ ಇಟ್ಟ ವರ್ಷವೇ ಫಲವನ್ನು ಯಾರೂ ಅಪೇಕ್ಷಿಸುವುದಿಲ್ಲ. ತಡವಾಗಿ ಇಟ್ಟವನು ಮಾತ್ರ ಫಲವನ್ನು ಕಡಿಮೆ ಕಾಲ ಉಣ್ಣುವನು. ಹಣದಲ್ಲಿಯೂ ಹಾಗೆಯೇ. ತಿಂಗಳಿಗೆ 500 ರೂಪಾಯಿಯನ್ನು ವರ್ಷಕ್ಕೆ ನೂರಕ್ಕೆ 6ರ ಬಡ್ಡಿಯಲ್ಲಿ, ತಿಂಗಳು ತಿಂಗಳು ಬಡ್ಡಿ ಕೂಡುವಂತೆ, 25ನೆಯ ವಯಸ್ಸಿನಿಂದ 30 ವರ್ಷ ಇಟ್ಟರೆ ಸುಮಾರು 5 ಲಕ್ಷ ರೂಪಾಯಿ ಆಗುವುದು. 40ನೆಯ ವಯಸ್ಸಿನಲ್ಲಿ ತೊಡಗಿ 15 ವರ್ಷ ಇಟ್ಟರೆ ಸುಮಾರು 1 ಲಕ್ಷ 45 ಸಾವಿರ ಮಾತ್ರ. ಕಟ್ಟಿದ ಹಣ ಎರಡರಷ್ಟು, ಫಲ ಮೂರರಷ್ಟಕ್ಕೂ ಹೆಚ್ಚು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಪದಾರ್ಥಗಳ ಬೆಲೆಯು ವರ್ಷಕ್ಕೆ ನೂರಕ್ಕೆ 5ರಂತೆ ಏರಿದರೆ, 30 ವರ್ಷಗಳ ತರುವಾಯದ 5,000 ರೂಪಾಯಿಗೆ ಇಂದಿನ ಸುಮಾರು 1,150 ರೂಪಾಯಿಯ ಸಾಮಾನು ಮಾತ್ರ ಬರುವುದು. ಆದುದರಿಂದ ಪಿಂಚಣಿಯೊಂದೇ ಸಾಲದು. ಕೂಲಿ ಏರಿದಂತೆ ಉಳಿತಾಯವನ್ನೂ ಏರಿಸಬೇಕು. ವಾಸಕ್ಕೆ ಸ್ವಂತ ಸೂರಿರಬೇಕು. ಐವತ್ತರ ಮೇಲೆಯೂ ಮಾಡಬಹುದಾದ ಕಸಿ ಕಟ್ಟುವುದು, ಜೇನು ಸಾಕಣೆ ಮೊದಲಾದ ಒಂದು ಕಸುಬನ್ನು ಮೊದಲೇ ಕಲಿತಿರಬೇಕು. 40 ದಾಟಿದವನಿಗೆ ಈ ಪಿಂಚಣಿಯ ಬಾಗಿಲು ಮುಚ್ಚಿದೆ. ಅಂಥವನು ಸಾಲ ತೀರಿಸುವುದು, ಠೇವಣಿ, ಸೂರು, ಕಸುಬು ಇವುಗಳನ್ನೇ ಗಟ್ಟಿಮಾಡಿಕೊಳ್ಳಬೇಕು.

ಹಣವನ್ನು ಇಡುವ ಸ್ಥಳ

ಅಂಚೆಕಚೇರಿಯ ಠೇವಣಿಗೆ ಸರಕಾರದ ಭರವಸೆಯುಂಟು. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳೂ ಸೇರಿ, ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿಯವರೆಗೆ ಠೇವಣಿ ವಿಮೆಯ ರಕ್ಷಣೆಯುಂಟು. ಗ್ರಾಮದ ಪ್ರಾಥಮಿಕ ಸಹಕಾರ ಸಂಘಗಳಿಗೆ ಈ ವಿಮೆಯಿಲ್ಲ. ಅಲ್ಲಿಯ ಭದ್ರತೆಯು ಆಡಳಿತದ ಶುದ್ಧತೆಯನ್ನೂ ಲೆಕ್ಕಪರಿಶೋಧನೆಯನ್ನೂ ಅವಲಂಬಿಸಿದೆ. ನಿರ್ದೇಶಕರಾಗಿರುವ ಓದುಗರು ಈ ಹೊಣೆಯನ್ನು ಮರೆಯಬಾರದು. ಬೇಗ ಇಮ್ಮಡಿ ಮಾಡಿಕೊಡುವೆವೆಂದು ಮನೆಬಾಗಿಲಿಗೆ ಬರುವವರಿಗೆ ಮಾತ್ರ ಯಾರೂ ಹಣ ಕೊಡತಕ್ಕದ್ದಲ್ಲ.

ಹಿಡುವಳಿದಾರರು ಮಾಡತಕ್ಕ ಕೆಲಸಗಳು

1. ಪ್ರತಿಯೊಬ್ಬ ಆಳಿಗೂ ಒಂದು ಪುಸ್ತಕವಿರಲಿ. ಕೆಲಸದ ದಿನ, ಕೂಲಿ, ಮುಂಗಡ, ವಜಾ, ಬಾಕಿ ಇವುಗಳನ್ನು ವಾರಕ್ಕೊಮ್ಮೆ ಬರೆದು ಅವನಿಗೆ ಓದಿ ಹೇಳಬೇಕು. ಒಂದು ಪ್ರತಿಯು ಅವನಲ್ಲಿರಬೇಕು.

2. ಆಳು ಒಪ್ಪಿದರೆ ಮಾತ್ರ ಕೂಲಿಯ ಒಂದಂಶವನ್ನು ಅವನ ಖಾತೆಗೆ ಜಮೆ ಮಾಡಬಹುದು. ಒತ್ತಾಯ ಸಲ್ಲದು. ಪಾಸುಪುಸ್ತಕವನ್ನೂ ಎಟಿಎಂ ಕಾರ್ಡನ್ನೂ ಯಜಮಾನನು ಎಂದಿಗೂ ತನ್ನಲ್ಲಿ ಇಟ್ಟುಕೊಳ್ಳಕೂಡದು.

3. ಹೆಂಗಸರ ಕೂಲಿಯನ್ನು ಅವರ ಕೈಗೇ, ಅವರ ಖಾತೆಗೇ ಸಲ್ಲಿಸಬೇಕು. ಮನೆಯ ಉಳಿತಾಯವು ಬಹುಮಟ್ಟಿಗೆ ಅವರಿಂದಲೇ ಆಗುವುದು.

4. ಖಾತೆಗಳಿಗೂ ವಿಮೆಗಳಿಗೂ ವಾರಸುದಾರರ ಹೆಸರು ದಾಖಲಾಗಿದೆಯೇ ಎಂದು ನೋಡಬೇಕು. 16ರಿಂದ 59 ವರ್ಷದವರನ್ನು ಇ-ಶ್ರಮ್ ದಾಖಲೆಗೆ ಸೇರಿಸಬೇಕು.

5. ಮುಂಗಾರಿಗೆ ಮೊದಲು ಒಂದು ದಿನ, ಮುಖಂಡರು ಬ್ಯಾಂಕಿನವರನ್ನೋ ಅಂಚೆಯವರನ್ನೋ ಊರಿನ ಶಾಲೆಗೆ ಕರೆಯಿಸಿ, ಅಲ್ಲಿಯ ಮಾತು ತುಳು ಬಲ್ಲವರಿಗೆ ತುಳುವಿನಲ್ಲಿಯೂ ತಿಳಿಯುವಂತೆ ಏರ್ಪಡಿಸಬೇಕು. ಆ ದಿನದ ಕೂಲಿಯನ್ನು ಕಳೆಯಬಾರದು.

ಇವುಗಳಲ್ಲಿ ಯಾವುದಕ್ಕೂ ಹೆಚ್ಚು ಹಣ ಬೇಕಾಗಿಲ್ಲ. ಮೊದಲ ಕೆಲಸಕ್ಕೆ ಒಂದು ಪುಸ್ತಕವೂ ಒಂದು ಲೇಖನಿಯೂ ಸಾಕು. ಕುಮಾರಧಾರೆಯ ಬದಿಯ ಆ ತೋಟದಲ್ಲಿ ದಯೆಗೆ ಕೊರತೆಯಿರಲಿಲ್ಲ, ಲೆಕ್ಕಕ್ಕೆ ಕೊರತೆಯಿತ್ತು. ದಯೆಯು ಯಜಮಾನನೊಡನೆ ಮುಗಿಯಬಹುದು, ಮುಂದಿನ ತಲೆಮಾರಿಗೆ ಬರಬಹುದು, ಬಾರದಿರಬಹುದು. ಆಳಿನ ಹೆಸರಿನಲ್ಲಿ ಜಮೆಯಾದ ಹಣವು ಅವನದಾಗಿಯೇ ಉಳಿಯುವುದು. ಬರುವ ಮದ್ದಿನ ಕಾಲಕ್ಕೆ ಮೊದಲು ಪ್ರತಿಯೊಬ್ಬ ಹಿಡುವಳಿದಾರರೂ ತಮ್ಮ ತೋಟದ ಒಬ್ಬ ಆಳಿನ ಮಟ್ಟಿಗಾದರೂ ಈ ಕ್ರಮವನ್ನು ಆಚರಣೆಗೆ ತರುವರೆಂದು ನಂಬಲಾಗಿದೆ.