ವೀಡಿಯೋ ಗೇಮ್‌ಗೆ 98 ಅಂಕ: ಹೆತ್ತವರು ಇದನ್ನು ಹೇಗೆ ಓದಬೇಕು?

ಗಲ್ಫ್‌ನಿಂದ ರಜೆಗೆ ಬರುವ ಮಾವ, ಚಿಕ್ಕಪ್ಪಂದಿರು ಮಕ್ಕಳಿಗೆ ತರುವ ಉಡುಗೊರೆಗಳಲ್ಲಿ ವೀಡಿಯೋ ಗೇಮ್ ಹೊಸತೇನಲ್ಲ. ಟಿ.ವಿ.ಗೆ ಜೋಡಿಸಿ ಆಡುವ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ನಂತಹ ಯಂತ್ರಗಳಿಗೆ ಕನ್ಸೋಲ್ ಎಂದೂ, ಕೈಯಲ್ಲೇ ಹಿಡಿದು ಆಡುವ ಚಿಕ್ಕ ಯಂತ್ರಗಳಿಗೆ ಹ್ಯಾಂಡ್‌ಹೆಲ್ಡ್ ಎಂದೂ ಹೆಸರು. ಹೊಸ ಆಟವೊಂದರ ಬೆಲೆ ಹಲವು ಸಾವಿರ ರೂಪಾಯಿ. ಆದುದರಿಂದ ಹೆತ್ತವರನ್ನು ಒಪ್ಪಿಸಲು ಮಕ್ಕಳು ಮೊದಲು ತೋರಿಸುವುದು ಒಂದು ಸಂಖ್ಯೆಯನ್ನು: "ಇದಕ್ಕೆ 100ರಲ್ಲಿ 98 ಬಂದಿದೆ!"

ಶಾಲೆಯ ಅಂಕಪಟ್ಟಿ ನೋಡಿ ಅಭ್ಯಾಸವಾದ ನಮಗೆ 98 ಎಂದ ಮೇಲೆ ಬೇರೆ ಮಾತಿಲ್ಲ. ಆದರೆ ಈ ಅಂಕವನ್ನು ಯಾರು ಕೊಡುತ್ತಾರೆ, ಯಾವ ಆಧಾರದಲ್ಲಿ ಕೊಡುತ್ತಾರೆ, ಅದು ಯಾವ ಪ್ರಶ್ನೆಗೆ ಉತ್ತರ ಎಂಬುದನ್ನು ತಿಳಿದುಕೊಳ್ಳದೆ ಹಣ ಕೊಡುವುದು ಸರಿಯಲ್ಲ. ಆಟ ಎಷ್ಟು ಚೆನ್ನಾಗಿ ತಯಾರಾಗಿದೆ ಎಂಬುದು ಒಂದು ಪ್ರಶ್ನೆ. ಅದು ನಮ್ಮ ಮನೆಯ ಮಗುವಿಗೆ ತಕ್ಕುದೇ ಎಂಬುದು ಇನ್ನೊಂದು ಪ್ರಶ್ನೆ. ವಿಮರ್ಶಕರ ಅಂಕ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತದೆ.

ಅಂಕ ಕೊಡುವವರು ಯಾರು?

ಸಿನಿಮಾಗಳಿಗೆ ಇರುವಂತೆ ವೀಡಿಯೋ ಗೇಮ್‌ಗಳಿಗೂ ವಿಮರ್ಶಕರಿದ್ದಾರೆ. ಹೆಚ್ಚಾಗಿ ಆಟ ಮಾರುಕಟ್ಟೆಗೆ ಬರುವ ಮೊದಲೇ ಪ್ರಕಾಶಕರು ಅದರ ಪ್ರತಿಯನ್ನು ಇವರಿಗೆ ಕಳುಹಿಸುತ್ತಾರೆ. ಗೊತ್ತುಪಡಿಸಿದ ದಿನದವರೆಗೆ ವಿಮರ್ಶೆ ಪ್ರಕಟಿಸಬಾರದೆಂಬ ಷರತ್ತೂ ಇರುತ್ತದೆ. ವಿಮರ್ಶಕರು ಹತ್ತಾರು ಗಂಟೆ ಆಡಿ ಚಿತ್ರ, ಧ್ವನಿ, ಕಥೆ, ನಿಯಂತ್ರಣದ ಸುಲಭತೆ, ತಾಂತ್ರಿಕ ದೋಷ ಮುಂತಾದವುಗಳ ಬಗ್ಗೆ ಬರೆದು ಕೊನೆಯಲ್ಲಿ ಒಂದು ಅಂಕ ನೀಡುತ್ತಾರೆ.

1986ರಲ್ಲಿ ಆರಂಭವಾದ ಜಪಾನಿನ 'ಫಾಮಿತ್ಸು' ಪತ್ರಿಕೆಯ ಪದ್ಧತಿ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ನಾಲ್ವರು ವಿಮರ್ಶಕರು ತಲಾ 10ರಲ್ಲಿ ಅಂಕ ನೀಡುತ್ತಾರೆ, ಒಟ್ಟು 40. ಪೂರ್ಣ 40 ಅಂಕ ಮೊದಲ ಬಾರಿಗೆ ಸಿಕ್ಕಿದ್ದು 1998ರಲ್ಲಿ, ನಿಂಟೆಂಡೋ ಕಂಪೆನಿಯ 'ದಿ ಲೆಜೆಂಡ್ ಆಫ್ ಜೆಲ್ಡಾ: ಒಕರಿನಾ ಆಫ್ ಟೈಮ್' ಎಂಬ ಆಟಕ್ಕೆ. ನಾಲ್ವರ ಅಂಕಗಳೂ ಬೇರೆ ಬೇರೆಯಾಗಿ ಅಚ್ಚಾಗುವುದರಿಂದ ಯಾರಿಗೆ ಮೆಚ್ಚುಗೆಯಾಯಿತು, ಯಾರಿಗೆ ಆಗಲಿಲ್ಲ ಎಂಬುದು ಓದುಗನಿಗೆ ತಿಳಿಯುತ್ತದೆ.

ಹಲವರ ಅಂಕ ಸೇರಿ ಒಂದು ಅಂಕ

ಮಕ್ಕಳು ಹೇಳುವ 98, 93 ಮುಂತಾದ ಅಂಕಗಳು ಬಹುಮಟ್ಟಿಗೆ 'ಮೆಟಾಕ್ರಿಟಿಕ್' ಎಂಬ ಜಾಲತಾಣದವು. 2001ರಲ್ಲಿ ಅಮೆರಿಕದಲ್ಲಿ ಆರಂಭವಾದ ಈ ತಾಣ ತಾನಾಗಿ ವಿಮರ್ಶೆ ಬರೆದು ಈ ಅಂಕ ಕೊಡುವುದಿಲ್ಲ. ನಾನಾ ಕಡೆ ಬಂದ ವಿಮರ್ಶೆಗಳ ಅಂಕಗಳನ್ನು 100ಕ್ಕೆ ಪರಿವರ್ತಿಸಿ ಸರಾಸರಿ ತೆಗೆಯುತ್ತದೆ. 5ರಲ್ಲಿ 4 ನಕ್ಷತ್ರ ಎಂದರೆ 80. ಇಂಗ್ಲಿಷ್ ಅಕ್ಷರಗಳಲ್ಲಿ ದರ್ಜೆ ಕೊಡುವವರು 'ಬಿ' ಎಂದರೆ ಇಲ್ಲಿ ಅದು 75 ಆಗುತ್ತದೆ.

ಇದು ಸಾದಾ ಸರಾಸರಿಯೂ ಅಲ್ಲ. ಕೆಲವು ಪತ್ರಿಕೆಗಳ ಅಭಿಪ್ರಾಯಕ್ಕೆ ಹೆಚ್ಚು ತೂಕ, ಕೆಲವಕ್ಕೆ ಕಡಿಮೆ. ಯಾರಿಗೆ ಎಷ್ಟು ತೂಕ ಎಂಬುದನ್ನು ಸಂಸ್ಥೆ ಬಹಿರಂಗಪಡಿಸುವುದಿಲ್ಲ. ಮೇಲೆ ಹೇಳಿದ ಜೆಲ್ಡಾ ಆಟಕ್ಕೆ ಇಲ್ಲಿ 99 ಅಂಕವಿದೆ. ಆದರೆ ಅದು 22 ವಿಮರ್ಶೆಗಳ ಸರಾಸರಿ. ಇತ್ತೀಚಿನ ದೊಡ್ಡ ಆಟಗಳಿಗೆ ಅದಕ್ಕಿಂತ ಎಷ್ಟೋ ಹೆಚ್ಚು ವಿಮರ್ಶೆಗಳು ಬರುತ್ತವೆ. ಆದುದರಿಂದ ಎರಡು ಕಾಲದ ಅಂಕಗಳನ್ನು ಪಕ್ಕದಲ್ಲಿಟ್ಟು ತೂಗುವುದು ಕಷ್ಟ.

ಇಲ್ಲಿ 60 ಎಂದರೆ ಫಸ್ಟ್ ಕ್ಲಾಸ್ ಅಲ್ಲ

ಗೇಮ್‌ಗಳ ಅಂಕ ಓದುವಾಗ ಇನ್ನೊಂದು ವಿಷಯ ನೆನಪಿಡಬೇಕು. ಮೆಟಾಕ್ರಿಟಿಕ್‌ನಲ್ಲಿ ಸಿನಿಮಾ ಒಂದಕ್ಕೆ 61 ಬಂದರೆ ಹಸಿರು ಬಣ್ಣ, ಅಂದರೆ ಒಳ್ಳೆಯದು. ವೀಡಿಯೋ ಗೇಮ್‌ಗೆ ಹಸಿರು ಸಿಗಬೇಕಾದರೆ 75 ಬೇಕು. 50ರಿಂದ 74ರವರೆಗೆ ಹಳದಿ, ಅದಕ್ಕಿಂತ ಕಡಿಮೆಯಾದರೆ ಕೆಂಪು. ಗೇಮ್ ವಿಮರ್ಶಕರು ಮೊದಲಿನಿಂದಲೂ ಧಾರಾಳವಾಗಿ ಅಂಕ ಕೊಡುವುದು ರೂಢಿಯಾಗಿ, 10ರಲ್ಲಿ 7 ಎಂದರೆ 'ಪರವಾಗಿಲ್ಲ' ಎಂಬ ಅರ್ಥ ಬಂದುಬಿಟ್ಟಿದೆ. ಬ್ರಿಟನ್ನಿನ 'ಎಡ್ಜ್' ಪತ್ರಿಕೆಯಂತೆ 5ನ್ನೇ ಸಾಧಾರಣವೆಂದು ಹಿಡಿದು ಬಿಗಿಯಾಗಿ ಅಂಕ ಕೊಟ್ಟವರೂ ಇದ್ದಾರೆ. ಎರಡೂ ಬಗೆಯ ಅಂಕಗಳು ಒಂದೇ ಸರಾಸರಿಯಲ್ಲಿ ಬೆರೆತು ಹೋಗುತ್ತವೆ.

ಇಂತಹ ಗೊಂದಲ ಬೇಡವೆಂದು ಬ್ರಿಟನ್ನಿನ 'ಯೂರೋಗೇಮರ್' ತಾಣ 2015ರಲ್ಲಿ ಅಂಕ ಕೊಡುವುದನ್ನೇ ನಿಲ್ಲಿಸಿತು. ಆದರೆ 2023ರಲ್ಲಿ 5 ನಕ್ಷತ್ರಗಳ ಪದ್ಧತಿಗೆ ಮರಳಿತು. ಓದುಗರಿಗೆ ಒಂದು ಸಂಖ್ಯೆ ಬೇಕೇ ಬೇಕು ಎಂಬುದು ಇದರಿಂದ ತಿಳಿಯುತ್ತದೆ.

ಒಂದೇ ಒಂದು ಅಂಕದ ಕೊರತೆ

ಅಂಕಗಳು ಆಟಗಾರರಿಗೆ ಮಾತ್ರ ಸಂಬಂಧಿಸಿದವಲ್ಲ. ಅವುಗಳ ಮೇಲೆ ಜನರ ಸಂಪಾದನೆಯೂ ನಿಂತಿರುತ್ತದೆ. 2010ರಲ್ಲಿ ಬಂದ 'ಫಾಲ್‌ಔಟ್: ನ್ಯೂ ವೇಗಸ್' ಆಟವನ್ನು ತಯಾರಿಸಿದ್ದು ಅಬ್ಸಿಡಿಯನ್ ಎಂಬ ಸಂಸ್ಥೆ. ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಮಾತ್ರ ತಮಗೆ ಬೋನಸ್ ಸಿಗುವ ಒಪ್ಪಂದವಿತ್ತು ಎಂದು ಅಲ್ಲಿನ ಕ್ರಿಸ್ ಅವೆಲೋನ್ 2012ರಲ್ಲಿ ತಿಳಿಸಿದರು. ಬಂದದ್ದು 84. ಬೋನಸ್ ಸಿಗಲಿಲ್ಲ.

ವಿಮರ್ಶಕರ ಮೇಲೂ ಒತ್ತಡ ಬರುವುದುಂಟು. 2007ರಲ್ಲಿ 'ಗೇಮ್‌ಸ್ಪಾಟ್' ತಾಣದ ಜೆಫ್ ಗರ್ಸ್ಟ್‌ಮನ್ ಅವರು 'ಕೇನ್ ಆಂಡ್ ಲಿಂಚ್: ಡೆಡ್ ಮೆನ್' ಎಂಬ ಆಟಕ್ಕೆ 10ರಲ್ಲಿ 6 ಅಂಕ ಕೊಟ್ಟರು. ಅದೇ ಸಮಯದಲ್ಲಿ ತಾಣದ ತುಂಬ ಅದೇ ಆಟದ ಜಾಹೀರಾತು. ಸ್ವಲ್ಪ ದಿನಗಳಲ್ಲೇ ಅವರನ್ನು ಕೆಲಸದಿಂದ ತೆಗೆಯಲಾಯಿತು. ಜಾಹೀರಾತುದಾರರ ಒತ್ತಡ ಕಾರಣವಲ್ಲ ಎಂದು ಸಂಸ್ಥೆ ಆಗ ಹೇಳಿಕೊಂಡಿತ್ತು. ಆದರೆ ಒತ್ತಡ ಇದ್ದುದನ್ನು 2012ರಲ್ಲಿ ಗರ್ಸ್ಟ್‌ಮನ್ ಅವರೇ ಬಹಿರಂಗವಾಗಿ ವಿವರಿಸಿದರು. ಎಲ್ಲ ವಿಮರ್ಶಕರನ್ನೂ ಸಂಶಯಿಸಲು ಇದು ಕಾರಣವಾಗಬೇಕಿಲ್ಲ. ಆದರೆ ಒಬ್ಬರ ಮಾತನ್ನೇ ನಂಬದೆ ಎರಡು ಮೂರು ಕಡೆ ಓದುವುದು ಒಳ್ಳೆಯದು ಎಂಬುದಕ್ಕೆ ಇದು ಸಾಕ್ಷಿ.

ಅಂಕ ದಾರಿ ತಪ್ಪಿಸಿದಾಗ

ಒಂದೇ ಆಟಕ್ಕೆ ಎರಡು ಕಡೆ ಬೇರೆ ಬೇರೆ ತೀರ್ಪು ಬರಬಹುದು. ನಿಂಟೆಂಡೋ ಡಿಎಸ್ ಎಂಬ ಹ್ಯಾಂಡ್‌ಹೆಲ್ಡ್‌ಗಾಗಿ 2005ರಲ್ಲಿ ಬಂದ, ನಾಯಿಮರಿ ಸಾಕುವ 'ನಿಂಟೆಂಡಾಗ್ಸ್' ಆಟಕ್ಕೆ ಫಾಮಿತ್ಸು ಪೂರ್ಣ 40 ಅಂಕ ಕೊಟ್ಟಿತು. ಮೆಟಾಕ್ರಿಟಿಕ್‌ನಲ್ಲಿ ಅದಕ್ಕೆ ಬಂದದ್ದು 83. 2006ರ 'ವೀ ಸ್ಪೋರ್ಟ್ಸ್' ಆಟದ ಅಂಕ ಬರೇ 76. ಆದರೆ 8 ಕೋಟಿಗೂ ಹೆಚ್ಚು ಪ್ರತಿಗಳು ಮನೆಗಳನ್ನು ಸೇರಿದವು. ಹೆಚ್ಚಿನ ದೇಶಗಳಲ್ಲಿ ಅದನ್ನು ಯಂತ್ರದ ಜೊತೆಗೇ ಕೊಟ್ಟದ್ದು ಒಂದು ಕಾರಣ. ಅಜ್ಜ ಅಜ್ಜಿಯರೂ ಮೊಮ್ಮಕ್ಕಳ ಜೊತೆ ಎದ್ದು ನಿಂತು ಆಡಬಹುದಾದ ಆಟ ಎಂಬುದು ಇನ್ನೊಂದು. ಮನೆಮಂದಿ ಕೂಡಿ ಆಡುವ ಸಂತೋಷಕ್ಕೆ ಆ ಸರಾಸರಿಯಲ್ಲಿ ಪ್ರತ್ಯೇಕ ಅಂಕವಿಲ್ಲ.

ಯಾವ ಯಂತ್ರಕ್ಕೆ ಬಂದ ಅಂಕ ಎಂಬುದನ್ನೂ ಗಮನಿಸಬೇಕು. 2020ರ ಡಿಸೆಂಬರ್‌ನಲ್ಲಿ ಬಂದ 'ಸೈಬರ್‌ಪಂಕ್ 2077' ಆಟದ ಮೊದಲ ವಿಮರ್ಶೆಗಳು ಕಂಪ್ಯೂಟರ್‌ನಲ್ಲಿ ಆಡಿ ಬರೆದವು. ಅಲ್ಲಿ ಅಂಕ 86. ಅದೇ ಆಟ ಪ್ಲೇಸ್ಟೇಷನ್ 4ರಲ್ಲಿ ಮತ್ತೆ ಮತ್ತೆ ಕೈಕೊಡುತ್ತಿತ್ತು. ಅಲ್ಲಿ ಅಂಕ 57ಕ್ಕೆ ಇಳಿಯಿತು. ಸುಮಾರು ಒಂದು ವಾರದಲ್ಲೇ ಸೋನಿ ಕಂಪೆನಿ ಅದನ್ನು ತನ್ನ ಮಳಿಗೆಯಿಂದ ತೆಗೆದು ಹಣ ಹಿಂತಿರುಗಿಸಲು ಮುಂದಾಯಿತು. 2021ರ ಜೂನ್‌ನಲ್ಲಿ ಆಟ ಮರಳಿ ಮಾರಾಟಕ್ಕೆ ಬಂತು. ಮೊದಲ ವಿಮರ್ಶೆ ನಂಬಿ, ತಮ್ಮಲ್ಲಿದ್ದ ಹಳೆಯ ಯಂತ್ರಕ್ಕೆ ಕೊಂಡವರು ಬೇಸ್ತು ಬಿದ್ದರು.

ಆಟಗಾರರೇ ಕೊಡುವ ಅಂಕಗಳಾದರೆ ಹೇಗೆ? ಅಲ್ಲೂ ಎಚ್ಚರ ಬೇಕು. 2020ರ ಜೂನ್‌ನಲ್ಲಿ ಬಂದ 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2' ಆಟಕ್ಕೆ ವಿಮರ್ಶಕರ ಸರಾಸರಿ 93 ಇದ್ದರೆ, ಬಿಡುಗಡೆಯ ದಿನವೇ ಸಾವಿರಾರು ಮಂದಿ ಕನಿಷ್ಠ ಅಂಕ ಹಾಕಿದರು. ಅಷ್ಟು ದೀರ್ಘ ಆಟವನ್ನು ಅಷ್ಟರಲ್ಲಿ ಮುಗಿಸುವುದೇ ಕಷ್ಟ. ಮುಂದೆ ಬಿಡುಗಡೆಯಾದ 36 ಗಂಟೆಗಳವರೆಗೆ ಬಳಕೆದಾರರು ಅಂಕ ಹಾಕುವಂತಿಲ್ಲ ಎಂಬ ನಿಯಮವನ್ನು ಮೆಟಾಕ್ರಿಟಿಕ್ ತಂದಿತು.

ವಯಸ್ಸಿನ ಗುರುತು ಬೇರೆಯೇ

ಈಗ ಎರಡನೆಯ ಪ್ರಶ್ನೆಗೆ ಬರೋಣ. 1993ರಲ್ಲಿ ಆಟಗಳಲ್ಲಿನ ಹಿಂಸೆಯ ಬಗ್ಗೆ ಅಮೆರಿಕದ ಸೆನೆಟ್‌ನಲ್ಲಿ ವಿಚಾರಣೆ ನಡೆಯಿತು. ಇದರ ಪರಿಣಾಮವಾಗಿ 1994ರಲ್ಲಿ 'ಇಎಸ್‌ಆರ್‌ಬಿ' ಎಂಬ ಮಂಡಳಿ ರಚನೆಯಾಗಿ, ಪ್ರತಿ ಆಟದ ಪೆಟ್ಟಿಗೆಯ ಮೇಲೆ ವಯಸ್ಸಿನ ಗುರುತು ಹಾಕುವ ಕ್ರಮ ಬಂತು. 'ಇ' ಅಕ್ಷರ ಎಲ್ಲರಿಗೆ, 'ಟಿ' 13 ವರ್ಷ ಮೇಲ್ಪಟ್ಟವರಿಗೆ, 'ಎಂ' 17 ವರ್ಷ ಮೇಲ್ಪಟ್ಟವರಿಗೆ. ಯುರೋಪಿನಲ್ಲಿ 2003ರಿಂದ 'ಪೆಗಿ' ಎಂಬ ಪದ್ಧತಿ ಇದೆ. ಅದರಲ್ಲಿ 3, 7, 12, 16, 18 ಎಂಬ ಸಂಖ್ಯೆಗಳೇ ಗುರುತು.

2009ರಲ್ಲಿ ನಿಂಟೆಂಡೋ ಡಿಎಸ್‌ಗೆ 'ಗ್ರ್ಯಾಂಡ್ ಥೆಫ್ಟ್ ಆಟೋ: ಚೈನಾಟೌನ್ ವಾರ್ಸ್' ಬಂತು. ನಾಯಿಮರಿ ಸಾಕುವ ಆಟ ಆಡಿದ ಮಕ್ಕಳ ಕೈಯಲ್ಲಿದ್ದದ್ದೂ ಇದೇ ಯಂತ್ರ. ವಿಮರ್ಶಕರು ಕೊಟ್ಟ ಸರಾಸರಿ 93. ಆದರೆ ಅದರಲ್ಲಿ ಕಾರು ಕದಿಯುವುದು, ಕೊಲೆಗಳು ಮಾತ್ರವಲ್ಲದೆ, ಮಾದಕ ವಸ್ತುಗಳನ್ನು ಕಡಿಮೆ ಬೆಲೆಗೆ ಕೊಂಡು ಹೆಚ್ಚಿಗೆ ಮಾರುವುದೂ ಆಟದ ಭಾಗ. ಪೆಟ್ಟಿಗೆಯ ಮೇಲೆ 'ಎಂ' ಅಥವಾ 18 ಎಂಬ ಗುರುತಿತ್ತು. ಇದೇ ಸರಣಿಯ 2008ರ ಆಟಕ್ಕೆ 98 ಬಂದಿತ್ತು. ಅದೂ ವಯಸ್ಕರಿಗೆ ಮಾತ್ರ ತಕ್ಕುದು. ವಿಮರ್ಶಕರು ತಪ್ಪು ಮಾಡಿದರೆಂದು ಹೇಳುವಂತಿಲ್ಲ. ಅವರು ವಯಸ್ಕ ಓದುಗರಿಗಾಗಿ ಆಟದ ಗುಣಮಟ್ಟವನ್ನು ಅಳೆದರು. ಹತ್ತು ವರ್ಷದ ಮಗುವಿನ ಬಗ್ಗೆ ಅವರನ್ನು ಯಾರೂ ಕೇಳಿರಲಿಲ್ಲ.

ಬಣ್ಣಗಳಲ್ಲೂ ಮೋಸಹೋಗುವ ಸಾಧ್ಯತೆಯಿದೆ. ಪೆಗಿಯಲ್ಲಿ 3 ಮತ್ತು 7ಕ್ಕೆ ಹಸಿರು, 12 ಮತ್ತು 16ಕ್ಕೆ ಕಿತ್ತಳೆ, 18ಕ್ಕೆ ಕೆಂಪು. ಹೀಗಾಗಿ ಒಂದೇ ಆಟಕ್ಕೆ ವಿಮರ್ಶೆಯಲ್ಲಿ ಹಸಿರು, ಪೆಟ್ಟಿಗೆಯ ಮೇಲೆ ಕೆಂಪು ಇರಬಹುದು.

ಖರೀದಿಗೆ ಮುನ್ನ

ಹೆತ್ತವರು, ಯುವಜನರ ಸಂಘಟನೆಗಳಿಗಾಗಿ ಆಟ ಆರಿಸುವ ಕಾರ್ಯಕರ್ತರು ಈ ಕ್ರಮ ಅನುಸರಿಸಬಹುದು:

1. ಮೊದಲು ವಯಸ್ಸಿನ ಗುರುತು ನೋಡಿ, ಅಂಕ ಆಮೇಲೆ. ಪೆಗಿ ಗುರುತಿದ್ದರೆ ಪೆಟ್ಟಿಗೆಯ ಹಿಂಬದಿಯ ಚಿಕ್ಕ ಚಿತ್ರಗಳನ್ನೂ ನೋಡಿ. ಮುಷ್ಟಿ ಎಂದರೆ ಹಿಂಸೆ, ಜೇಡ ಎಂದರೆ ಭಯ, ಸಿರಿಂಜ್ ಎಂದರೆ ಮಾದಕ ವಸ್ತು, ದಾಳ ಎಂದರೆ ಜೂಜು.

2. ಅಂಕ ನಿಮ್ಮಲ್ಲಿರುವ ಯಂತ್ರದ್ದೇ ಎಂದು ಖಚಿತಪಡಿಸಿಕೊಳ್ಳಿ.

3. ಸರಾಸರಿಯ ಹಿಂದಿರುವ ವಿಮರ್ಶೆಗಳಲ್ಲಿ ಕನಿಷ್ಠ ಎರಡನ್ನು ಓದಿ. ಒಂದು ಹೊಗಳಿದ್ದು, ಇನ್ನೊಂದು ತೆಗಳಿದ್ದು ಆಗಿರಲಿ. ಒಬ್ಬ ವಿಮರ್ಶಕ ಕುಂದು ಎಂದು ಬರೆದದ್ದು ನಿಮಗೆ ಗುಣವಾಗಿ ಕಾಣಬಹುದು. 'ತೀರಾ ಸುಲಭ' ಎಂಬ ದೂರು ಏಳು ವರ್ಷದ ಮಗುವಿನ ಮನೆಯಲ್ಲಿ ದೂರೇ ಅಲ್ಲ.

4. ಆಟದೊಳಗೆ ಮತ್ತೆ ಹಣ ಕೇಳುತ್ತದೆಯೇ ಎಂದು ವಿಚಾರಿಸಿ. ಒಮ್ಮೆ ಕೊಂಡರೆ ಖರ್ಚು ಮುಗಿಯಿತೆಂದು ಭಾವಿಸುವಂತಿಲ್ಲ.

5. ಬಿಡುಗಡೆಯ ದಿನವೇ ಕೊಳ್ಳುವ ಅವಸರ ಬೇಡ. ಕೆಲವು ವಾರ ಕಳೆದರೆ ದೋಷಗಳು ತಿಳಿಯುತ್ತವೆ. ಬೆಲೆಯೂ ಇಳಿಯಬಹುದು.

ಮಗು ಈಗಾಗಲೇ ಆಟದ ವಿಮರ್ಶೆ ಓದಿದ್ದರೆ ಅದನ್ನು ಅಲ್ಲಗಳೆಯಬೇಡಿ. ವಿಮರ್ಶಕರು ಏಕೆ ಅಷ್ಟು ಅಂಕ ಕೊಟ್ಟರು ಎಂದು ಅದರ ಬಾಯಿಂದಲೇ ಕೇಳಿ. ಆಟದಲ್ಲಿ ಏನಿದೆ ಎಂಬುದು ಆ ಐದು ನಿಮಿಷದ ಮಾತಿನಲ್ಲಿ ತಿಳಿಯುವಷ್ಟು ಯಾವ ಅಂಕದಿಂದಲೂ ತಿಳಿಯದು.