ನಮ್ಮ ಸೂರಿನ ಮೇಲೆ ಕೂತ ಜರ್ಮನರು

ಶಿವಮೊಗ್ಗದ ಆಲ್ಕೊಳದಿಂದ ಮೊನ್ನೆ ಒಬ್ಬ ತಾಯಿ ಫೋನ್ ಮಾಡಿದ್ದರು. ಮಗಳು ನರ್ಸಿಂಗ್ ಮುಗಿಸಿದ್ದಾಳೆ. ಜರ್ಮನಿಗೆ ಹೋಗ್ತಾಳಂತೆ. ಬೆಳಗ್ಗೆ ಐದಕ್ಕೇ ಎದ್ದು ಮೊಬೈಲ್ ಹಿಡಿದುಕೊಂಡು ಅವರ ಭಾಷೆ ಕಲೀತಿದ್ದಾಳೆ. ತಾಯಿಗೆ ಆತಂಕ. "ಸಾರ್, ಟಿವೀಲಿ ಪ್ರಪಂಚದ್ದೆಲ್ಲ ಹೇಳ್ತೀರಿ. ಆ ಜನ ಹ್ಯಾಗೆ? ನಮಗೂ ಅವರಿಗೂ ಎಂತ ಸಂಬಂಧ?"

ನಾನು ತಿರುಗಿ ಕೇಳಿದೆ. "ಅಮ್ಮಾ, ನಿಮ್ಮನೆ ತಾರಸಿದೋ, ಹಂಚಿಂದೋ?"

"ಮುಂದ್ಗಡೆ ತಾರಸಿ. ಹಿಂದೆ ನಮ್ಮತ್ತೆ ಕಾಲದ ಹಂಚಿನ ಮನೆ ಹಂಗೇ ಇದೆ."

"ಹಾಗಾದ್ರೆ ಸಂಬಂಧ ನಿಮ್ಮ ತಲೆ ಮೇಲೇ ಇದೆ" ಅಂದೆ.

ತಮಾಷೆಯಲ್ಲ, ವೀಕ್ಷಕರೇ. ಮಲೆನಾಡಿನ ಮಳೆಯನ್ನು ಒಂದೂವರೆ ಶತಮಾನ ತಡೆದ ಮಂಗಳೂರು ಹಂಚು ಇದೆಯಲ್ಲ, ಅದನ್ನು ಇಲ್ಲಿ ಸುಡಲು ಶುರು ಮಾಡಿದವರು ಜರ್ಮನ್ನರು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಎಂಬಾತ ನೇತ್ರಾವತಿ ತೀರದ ಜೇಡಿಮಣ್ಣನ್ನು ಪರೀಕ್ಷಿಸಿ, ಇದು ಹಂಚಿಗೆ ಹೇಳಿ ಮಾಡಿಸಿದ ಮಣ್ಣು ಎಂದು ಕಂಡುಕೊಂಡ. 1865ರಲ್ಲಿ ಮಿಷನ್ನಿನ ಹಂಚಿನ ಕಾರ್ಖಾನೆ ಎದ್ದಿತು. ಹಳೇ ಮನೆ ಕೆಡವುವಾಗ ಹಂಚಿನ ಹಿಂಬದಿ ತಿರುಗಿಸಿ ನೋಡಿ, ಬಾಸೆಲ್ ಮಿಷನ್ನಿನ ಹೆಸರಿನ ಅಚ್ಚು ಸಿಕ್ಕರೂ ಸಿಗಬಹುದು.

ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ, ಜರ್ಮನಿ ಹ್ಯಾಗಾಯ್ತು ಅಂತ ಕೇಳಬಹುದು. ಸಂಸ್ಥೆ ಅಲ್ಲಿಯದು. ಆದರೆ ಅಲ್ಲಿಂದ ಬಂದ ಪಾದ್ರಿಗಳಲ್ಲಿ ಬಹುಪಾಲು ಜನ ದಕ್ಷಿಣ ಜರ್ಮನಿಯ ವ್ಯೂರ್ಟೆಂಬೆರ್ಗ್ ಸೀಮೆಯವರು. ಇನ್ನೊಂದು ಸ್ವಾರಸ್ಯ ಕೇಳಿ. ಅವರಲ್ಲಿ ಮೊದಲಿಗರು ಹಡಗು ಹತ್ತಿದಾಗ ಜರ್ಮನಿ ಅನ್ನುವ ಒಂದೇ ದೇಶ ಇರಲೇ ಇಲ್ಲ. ನಮ್ಮ ಸಂಸ್ಥಾನಗಳ ಹಾಗೆ ಅಲ್ಲೂ ಹತ್ತಾರು ರಾಜ್ಯಗಳು. ಅವೆಲ್ಲ ಕೂಡಿ ಒಂದು ದೇಶವಾದದ್ದು 1871ರಲ್ಲಿ. ಅದಕ್ಕೂ ಮೊದಲು ಅವರನ್ನು ಒಂದು ಜನ ಅನ್ನಿಸಿದ್ದು ಭಾಷೆ. ಏಕೀಕರಣಕ್ಕೆ 1956ರವರೆಗೆ ಕಾದ ಕನ್ನಡಿಗರಿಗೆ ಇದು ಬೇಗ ಅರ್ಥವಾಗುತ್ತದೆ.

ನನ್ನ ಅನ್ನಕ್ಕೂ ಒಬ್ಬ ಜರ್ಮನ್ನನ ಋಣವಿದೆ. ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದವನು. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ 'ಮಂಗಳೂರು ಸಮಾಚಾರ' ಹೊರತಂದ. ಕನ್ನಡದ ಮೊದಲ ಪತ್ರಿಕೆ ಅದು. ಜುಲೈ 1 ನಮಗೆ ಪತ್ರಿಕಾ ದಿನಾಚರಣೆ ಆದದ್ದು ಅದಕ್ಕೇ. ಇವತ್ತು ಸ್ಟುಡಿಯೋದಲ್ಲಿ ಕೂತು ಕನ್ನಡದಲ್ಲಿ ಸುದ್ದಿ ಓದುವ ನಾವೆಲ್ಲ ಅವನ ಸಾಲಿನವರೇ. ಇದೇ ಪಾದ್ರಿ ದಾಸರ ಪದಗಳನ್ನೂ ಬಸವಪುರಾಣವನ್ನೂ ಜೈಮಿನಿ ಭಾರತವನ್ನೂ ಅಚ್ಚು ಹಾಕಿಸಿದ!

ಆಮೇಲೆ ಕಿಟೆಲ್. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಹಳಗನ್ನಡ ಕಾವ್ಯ ಓದಿದ, ಊರೂರಿನ ಗಾದೆ ಕೂಡಿಹಾಕಿದ, ರೈತರ ಮಾತಿಗೆ ಕಿವಿಗೊಟ್ಟ. ವರ್ಷಗಟ್ಟಲೆ ಕೂತು ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಕಟ್ಟಿದ. ಅದು ಅಚ್ಚಾದದ್ದು 1894ರಲ್ಲಿ, ಮಂಗಳೂರಿನಲ್ಲಿ. ಇವತ್ತಿಗೂ ಒಂದು ಪದದ ಬಗ್ಗೆ ಜಗಳ ಬಂದರೆ "ಕಿಟೆಲ್ ನೋಡಿ" ಅಂತೀವಿ.

ಅವರು ಬಂದದ್ದು ಕನ್ನಡ ಸೇವೆಗಲ್ಲ, ಮತಪ್ರಚಾರಕ್ಕೆ. ಇದನ್ನು ಮುಚ್ಚಿಡಬೇಕಿಲ್ಲ. ಆದರೆ ಜನರನ್ನು ತಲುಪಬೇಕಾದರೆ ಜನರ ಭಾಷೆ ಕಲಿಯಲೇಬೇಕು ಎಂದು ಅವರಿಗೆ ಗೊತ್ತಿತ್ತು. ಬಂದ ಉದ್ದೇಶ ಅವರದು. ಉಳಿದ ನಿಘಂಟು ನಮ್ಮದು. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷರು ಶತ್ರುದೇಶದವರು ಅಂತ ಜರ್ಮನ್ ಪಾದ್ರಿಗಳನ್ನು ಬಂಧಿಸಿದರು, ಕಾರ್ಖಾನೆಗಳನ್ನು ವಶಕ್ಕೆ ತಗೊಂಡರು. ಆ ಕಥೆ ಅಲ್ಲಿಗೆ ಮುಗಿಯಿತು.

ಮುಂದಿನ ಕಥೆ ನಿಮ್ಮ ಪಕ್ಕದ ಭದ್ರಾವತಿಗೇ ಬರುತ್ತದೆ. ಬರ್ಲಿನ್ನಿನ ಯುವ ವಾಸ್ತುಶಿಲ್ಪಿ ಆಟೋ ಕ್ಯೋನಿಗ್ಸ್‌ಬೆರ್ಗರ್ ಯೆಹೂದಿ. ಹಿಟ್ಲರ್ ಬಂದ ಮೇಲೆ ಆ ನೆಲದಲ್ಲಿ ಬದುಕಲಾಗದೆ ಹೊರಬಿದ್ದ. 1939ರಲ್ಲಿ ಮೈಸೂರು ಸಂಸ್ಥಾನ ಅವನಿಗೆ ಕೆಲಸ ಕೊಟ್ಟಿತು. ಅವನು ಬೆಂಗಳೂರಿನಲ್ಲಿ ಕಟ್ಟಡ ಕಟ್ಟಿದ, ಉಕ್ಕಿನ ಊರು ಭದ್ರಾವತಿಗೂ ನಗರ ಯೋಜನೆ ಹಾಕಿದ. ತನ್ನ ದೇಶ ಬೇಡ ಅಂದವನಿಗೆ ನಮ್ಮ ಸಂಸ್ಥಾನ ಬಾ ಅಂದಿತ್ತು. ಈ ಮಾತನ್ನು ಆ ಹುಡುಗಿ ಎದೆಯಲ್ಲಿಟ್ಟುಕೊಂಡು ಹೋಗಲಿ. ಕೈಯೊಡ್ಡಿ ಹೋಗುವ ಸಂಬಂಧ ಅಲ್ಲ ನಮ್ಮದು.

ಇನ್ನು ಇವತ್ತಿನ ಜರ್ಮನಿ. ಎಂಟು ಕೋಟಿಗೂ ಹೆಚ್ಚು ಜನ, 16 ರಾಜ್ಯಗಳು. 1990ರ ಅಕ್ಟೋಬರ್ 3ರಂದು ಪೂರ್ವ-ಪಶ್ಚಿಮ ಮತ್ತೆ ಒಂದಾದವು. ಭಾನುವಾರ ಬಹುತೇಕ ಅಂಗಡಿ ಬಂದ್. ಆ ವಿಶ್ರಾಂತಿಗೆ ಅವರ ಸಂವಿಧಾನದಲ್ಲೇ ರಕ್ಷಣೆಯಿದೆ. ಹಾಗಾಗಿ ಅಕ್ಕಿ-ಬೇಳೆ ಶನಿವಾರವೇ ತಂದಿಟ್ಟುಕೊಳ್ಳಬೇಕು! ನಮಗೆ ದೋಸೆ-ರೊಟ್ಟಿಯಲ್ಲಿ ಎಷ್ಟು ಬಗೆಯೋ ಅವರಿಗೆ ಬ್ರೆಡ್ಡಿನಲ್ಲಿ ಅದಕ್ಕೂ ಹೆಚ್ಚು. ಕುಡಿದ ನೀರಿನ ಬಾಟಲಿ ಅಂಗಡಿಗೆ ವಾಪಸ್ ಕೊಟ್ಟರೆ ಮೊದಲೇ ಕಟ್ಟಿದ ಠೇವಣಿ ಕೈಗೆ ಬರುತ್ತದೆ. ಯಹೂದಿಗಳನ್ನು ಎಳೆದೊಯ್ದ ಮನೆಗಳ ಮುಂದೆ ಅವರ ಹೆಸರು ಕೆತ್ತಿದ ಹಿತ್ತಾಳೆಯ ಪುಟ್ಟ ಫಲಕಗಳನ್ನು ಕಾಲುದಾರಿಯಲ್ಲೇ ಹುದುಗಿಸಿದ್ದಾರೆ. ತಮ್ಮ ತಪ್ಪನ್ನು ದಿನಾ ನೋಡಿಕೊಂಡು ನಡೆಯುವುದು ಸಣ್ಣ ಮಾತಲ್ಲ.

ಭಾಷೆಗೆ ಹೆದರಬೇಡ ಅಂತ ಮಗಳಿಗೆ ಹೇಳಿ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ 'ಯೂ'. ಜರ್ಮನ್ನಿನಲ್ಲಿ ನಮ್ಮ ಹಾಗೇ 'ನೀನು'ಗೆ 'ಡು', 'ನೀವು'ಗೆ 'ಝೀ'. ಪದಕ್ಕೆ ಪದ ಅಂಟಿಸಿ ಮಾರುದ್ದ ಪದ ಮಾಡ್ತಾರೆ. ನಮ್ಮ ಸಮಾಸವೇ ಅದು. ನಮಗೆ 'ಮಗು' ನಪುಂಸಕಲಿಂಗ. ಅವರಿಗೂ ಅಷ್ಟೇ, ಸಾಲದ್ದಕ್ಕೆ ಹುಡುಗಿ ಅನ್ನುವ ಪದವೂ ನಪುಂಸಕ! ಆಸ್ಪತ್ರೆಯಲ್ಲಿ ನರ್ಸ್ ಆಗಲು ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕಾಗುತ್ತದೆ. "ಭಾಷೆಗೀಷೆ ಏನೂ ಬೇಡ, ದುಡ್ಡು ಕೊಡಿ ಸಾಕು" ಅನ್ನುವ ಏಜೆಂಟ್ ಸಿಕ್ಕರೆ ಅಲ್ಲೇ ಅನುಮಾನ ಪಡಿ.

ನೋವಿನಲ್ಲಿರುವ ರೋಗಿ ತನ್ನ ತಾಯ್ನುಡಿಯಲ್ಲೇ ನರಳುತ್ತಾನೆ. ಅದನ್ನು ತಿಳಿಯದ ನರ್ಸ್ ಬರೀ ಸೂಜಿ ಚುಚ್ಚಬಲ್ಲಳು, ಸಮಾಧಾನ ಹೇಳಲಾರಳು. ನಿಘಂಟೇ ಇಲ್ಲವೆನ್ನುವಂಥ ಕಾಲದಲ್ಲಿ ಅವರು ನಮ್ಮ ಭಾಷೆ ಕಲಿತರು. ಮೊಬೈಲ್ ತುಂಬ ಪಾಠಗಳಿರುವಾಗ ನಮ್ಮ ಮಗಳು ಅವರದನ್ನು ಕಲಿಯಲಾರಳೇ?

ಇಷ್ಟೆಲ್ಲ ಕೇಳಿದ ಮೇಲೆ ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು. "ಹಿಂದಿನ ಮನೆ ಕೆಡವೋಣ ಅಂತ ಮಾಡಿದ್ವಿ ಸಾರ್. ಅವಳು ಹೋಗಿ ಬರೋ ತನಕ ಇರಲಿ ಬಿಡಿ."